ಬಿಚ್ಚಿಟ್ಟ ಬಿಲ್ಲು

ತಿರುಮಲೇಶ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದನ್ನು ಕೇಳಿದವರಿಗೆ ಬೇರೆ ಗುಮಾನಿ ಬರುವ ಸಂಭವವಿದೆ. ತಪ್ಪೇನಿದ್ದರೂ ಅವನ ಕುತ್ತಿಗೆಯದು. ಮೇಲಿನವರು ಏನಾದರೂ ಕೇಳಿದರೆ ಸಾಕು, ಅವನು ಯೋಚಿಸಿ ಮುಗಿಸುವ ಮೊದಲೇ ಅದು ಹೌದೆಂದು ಆಡಿಬಿಡುತ್ತಿತ್ತು. ಹೆಣ್ಣು ನೋಡಲು ಹೋದಾಗ ಮಾವನವರು "ಸಂಗೀತದ ಜ್ಞಾನ ಉಂಟೋ?" ಎಂದರು, ಆಡಿತು. ಮುಂಬಯಿಗೆ ಬಂದ ಹೊಸದರಲ್ಲಿ ಚಾಳಿನ ಮಾಲಕ "ನಲ್ಲಿ ಕೆಳಗಡೆ ಇದೆ, ನೀವು ಮೂರನೇ ಮಾಳಿಗೆ, ಪರವಾಗಿಲ್ಲ ತಾನೆ?" ಎಂದ, ಆಗಲೂ ಆಡಿತು. ಹನ್ನೊಂದು ವರ್ಷದಿಂದ ಅವನ ಹೆಂಡತಿ ಪಂಕಜಾ ಕೊಡ ಹೊತ್ತು ಮೂರು ಮಾಳಿಗೆ ಹತ್ತುತ್ತಿದ್ದಾಳೆ.

ಅವನು ಭಾಂಡುಪ್‌ನಲ್ಲಿ ಹೊಲಿಗೆ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಬಂದ ಪೆಟ್ಟಿಗೆ ತೆರೆಯುವುದು, ರಶೀದಿಯಲ್ಲಿ ಬರೆದದ್ದು ಒಳಗಿದೆಯೇ ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು, ಇಷ್ಟೇ ಕೆಲಸ. ಮೊಹರಿನ ಸಿಕ್ಕೆ ಬಿದ್ದ ರಶೀದಿಯ ಮೇಲೆ ಅವನಿಗೆ ಬಹಳ ಭಕ್ತಿ. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಕಿಟಕಿಯಾಚೆಯ ಗುಡ್ಡ ನೋಡುತ್ತ ಕೂರುತ್ತಿದ್ದ. ಹಾಗೆ ಕೂತಾಗ ಎದುರಿಗೆ ಚಹಾ ಇಟ್ಟರೂ ತಣ್ಣಗಾದ ಮೇಲೇ ಅವನಿಗೆ ಕಾಣುತ್ತಿದ್ದದ್ದು.

ರೈಲು ಮುಷ್ಕರದ ವರ್ಷ, ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ಮ್ಯಾನೇಜರ್ ಭರೂಚಾ ಸಾಹೇಬರ ಹೆಸರಿಗೆ ಒಂದು ಉದ್ದನೆಯ ಮರದ ಪೆಟ್ಟಿಗೆ ಬಂತು. ತಿರುಮಲೇಶ ಮುಚ್ಚಳ ತೆಗೆದ. ಒಳಗೆ ಹೊಲಿಗೆ ಯಂತ್ರಕ್ಕೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ತೆಳ್ಳಗೆ ನೀಳವಾಗಿ ತುದಿ ಸಣ್ಣಗಾಗುತ್ತ ಹೋಗುವ ಆರು ಮರದ ಪಟ್ಟಿಗಳು, ಕೈಗೆ ಹಿಡಿಯುವಂತೆ ಕೊರೆದ ಎರಡು ತುಂಡುಗಳು, ಬೋಲ್ಟುಗಳು, ಮೇಣ ತಿಕ್ಕಿದ ದಾರ. ಒಂದು ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ. ಮರದ ಗೆರೆಗಳು ಒಂದರ ಪಕ್ಕ ಒಂದು ತುದಿಯವರೆಗೂ ಓಡಿದ್ದವು. ಅವನಿಗೆ ಎಲ್ಲಿಂದಲೋ ಕಾಡಿನ ವಾಸನೆ ಬಂತು, ಒಂದು ಜಿಂಕೆ ಕಿವಿ ನಿಮಿರಿಸಿ ನೋಡಿತು. ಭಾಂಡುಪ್ ಕಾಣದಾಯಿತು.

"ತಿರುಮಲ್" ಎಂದರು ಹಿಂದಿನಿಂದ ಭರೂಚಾ ಸಾಹೇಬರು. "ತುಮ್ ಮೈಸೂರ್ ಕಾ ಹೈ ನಾ?"

ಕುತ್ತಿಗೆ ಆಡಿತು. ಇದೇನೋ ನಿಜವೇ.

"ಮೈಸೂರ್ ಮೇಂ ರಾಜಾ ಹೈ, ದಸರಾ ಹೈ. ತೀರ್ ಕಮಾನ್ ಭೀ ಹೋಗಾ?"

ಆಡಿತು. ಬಿಲ್ಲುಬಾಣ ಇದ್ದರೂ ಇರಬಹುದು.

"ತುಮ್ ಕೋ ಆತಾ ಹೈ?"

ಇಲ್ಲಿ ಕುತ್ತಿಗೆ ನಿಲ್ಲಬಹುದಿತ್ತು. ಧನುರ್ವಿದ್ಯೆಯಲ್ಲಿ ತಿರುಮಲೇಶನ ಸಾಧನೆಯೆಂದರೆ ಏಳನೇ ವಯಸ್ಸಿನಲ್ಲಿ ಬಿದಿರ ಸೀಳಿಗೆ ಗೋಣಿದಾರ ಕಟ್ಟಿ, ಪೊರಕೆ ಕಡ್ಡಿಯನ್ನು ಸೋದರತ್ತೆಯ ಉಪ್ಪಿನಕಾಯಿ ಜಾಡಿಯೊಳಗೆ ಬಿಟ್ಟದ್ದು. ಆದರೆ ಕೈಯಲ್ಲಿ ಆ ಪಟ್ಟಿ, ಕಣ್ಣ ಮುಂದೆ ಜಿಂಕೆ. ಕುತ್ತಿಗೆ ಮೂರನೇ ಸಲವೂ ಆಡಿತು, ಹಿಂದಿನ ಎರಡಕ್ಕಿಂತ ಜೋರಾಗಿಯೇ.

ಸಾಹೇಬರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಊರಿಗೆ ಮರಳಿದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಸ್ನೇಹಿತ ತನ್ನ ಬಿಲ್ಲನ್ನು ಅವರಿಗೆ ಬಿಟ್ಟುಹೋಗಿದ್ದ. ಬಿಚ್ಚಿ ಜೋಡಿಸುವ ಬಿಲ್ಲು. ನಡುವಿನ ಹಿಡಿ ಎರಡು ಬಗೆ. ಒಂದು ಗಿಡ್ಡ, ಇನ್ನೊಂದು ಉದ್ದ. ತೋಳುಗಳು ಮೂರು ಜೊತೆ, ಅವುಗಳ ಮೇಲೆ ಮೂವತ್ತಾರು, ನಲವತ್ತು, ನಲವತ್ತನಾಲ್ಕು ಪೌಂಡು ಎಂದು ಮಸಿಯಲ್ಲಿ ಬರೆದಿತ್ತು. ಹೆದೆಯನ್ನು ಇಪ್ಪತ್ತೆಂಟು ಅಂಗುಲ ಎಳೆಯಲು ಬೇಕಾಗುವ ಬಲ ಅದು. "ಅಂಕಿ ಹಳೆಯದು, ನಂಬಬೇಡ, ಪರೀಕ್ಷೆ ಮಾಡಿ ಆರಿಸು" ಎಂದು ಸ್ನೇಹಿತ ಚೀಟಿ ಇಟ್ಟಿದ್ದ. ಸಾಹೇಬರ ಬಲಭುಜ ಕ್ರಿಕೆಟ್ಟಿನಲ್ಲಿ ಒಮ್ಮೆ ಕಳಚಿದ್ದು. ಡಾಕ್ಟರು ನಲವತ್ತರ ಮೇಲೆ ಒಂದು ಪೌಂಡೂ ಕೂಡದು ಎಂದಿದ್ದರು. ಅದಕ್ಕಿಂತ ಕಡಿಮೆಯಾದರೆ ಬಾಣ ಗುರಿಯವರೆಗೆ ಹೋಗುವುದಿಲ್ಲ, ಬರುವ ಭಾನುವಾರ ಗೋರೆಗಾಂವ್‌ಗೆ ಸ್ನೇಹಿತರೆಲ್ಲ ನೋಡಲು ಬರುವವರು. ಯಾವ ಹಿಡಿಗೆ ಯಾವ ತೋಳು ಎಂಬುದನ್ನು ಇನ್ನು ತಿರುಮಲೇಶನೇ ತೀರ್ಮಾನಿಸಬೇಕು. "ತುಮ್ ಚುನೋ" ಎಂದು, ನೀನೇ ಆರಿಸೆಂದು, ಅವನ ಬೆನ್ನು ತಟ್ಟಿ ಹೋದರು.

ಚುನೋ. ಹನ್ನೊಂದು ವರ್ಷದಲ್ಲಿ ಅವನಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಅವನ ಅಂಗಿಯ ಬಟ್ಟೆಯನ್ನು ಆರಿಸುವವಳು ಪಂಕಜಾ. ಅವನು ತಂದ ಬದನೆಕಾಯಿಯನ್ನು ಅವಳು ಒಂದೊಂದಾಗಿ ತಿರುಗಿಸಿ ನೋಡಿ, ಮಾತಿಲ್ಲದೆ ಅರ್ಧದಷ್ಟನ್ನು ವಾಪಸು ಚೀಲಕ್ಕೆ ಹಾಕಿ, ತಾನೇ ಚಪ್ಪಲಿ ಮೆಟ್ಟಿ ಹೋಗಿ ಬದಲಾಯಿಸಿ ತರುತ್ತಿದ್ದಳು. ಅಂಥವನ ಕೈಯಲ್ಲಿ ಈಗ ಒಬ್ಬ ದೊಡ್ಡ ಮನುಷ್ಯರ ಭುಜ ಇತ್ತು. ಹೆಮ್ಮೆಯಾಯಿತು. ಐದು ನಿಮಿಷ ಬಿಟ್ಟು, ಆ ಭುಜ ಕಳಚಿದರೆ ಏನು ಗತಿ ಎಂದು ಪೆಟ್ಟಿಗೆಯ ಮುಚ್ಚಳ ಮತ್ತೆ ಮುಚ್ಚಿದ.

ಸಂಜೆ ಎಲ್ಲವನ್ನೂ ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಮನೆಗೆ ತಂದ. ಚಾಳಿನ ಗ್ಯಾಲರಿಯಲ್ಲಿ ಪಕ್ಕದ ಖೋಲಿಯ ಸುಂದ್ರವ್ವ ಸೊಪ್ಪು ಆರಿಸುತ್ತ ಕೂತಿದ್ದಳು. ಅವಳ ಗಂಡ ಸಾಯಬಣ್ಣ ಕಟ್ಟಡದ ಕೆಲಸದವನು, ಕಲಬುರ್ಗಿ ಕಡೆಯವರು.

"ಏನ್ ತಂದೀರಿ ಅಣ್ಣಾರ? ನೀರ್ ಹೊರೂ ಅಡ್ಡೀನೇನು?" ಎಂದಳು ಸುಂದ್ರವ್ವ. "ಪಾಪ, ಅಕ್ಕಾರ ಸೊಂಟ ನಿಮಗ ಈಗ ಕಾಣಿಸ್ತು."

"ಅಡ್ಡೆಯಲ್ಲ. ಬಿಲ್ಲು. ಸಾಹೇಬರದ್ದು. ಇದರಲ್ಲಿ ಯಾವುದು ಒಳ್ಳೇದು ಅಂತ ನಾನು ಆರಿಸಬೇಕು" ಎಂದ ತಿರುಮಲೇಶ, ಒಳಗಿನವರಿಗೂ ಕೇಳುವಂತೆ.

ಪಂಕಜಾ ಬಾಗಿಲಿಗೆ ಬಂದಳು. "ನೀವಾ?" ಎಂದಳು.

ಒಂದೇ ಮಾತು. ಅವಳು ಕುಚೋದ್ಯಕ್ಕೆ ಅಂದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು.

ಬಿಲ್ಲಿನ ವಿಷಯ ಅವನಿಗೆ ಗೊತ್ತಿರಲಿಲ್ಲ, ತೂಕದ ವಿಷಯ ಗೊತ್ತಿತ್ತು. ಬಿಲ್ಲಿನ ಹಿಡಿಯನ್ನು ಗ್ಯಾಲರಿಯ ತೊಲೆಗೆ ಬಿಗಿದು, ಹೆದೆ ಕೆಳಗಾಗುವಂತೆ ಮಾಡಿ, ಹೆದೆಗೆ ನಲವತ್ತು ಪೌಂಡು ಭಾರ ತೂಗುಹಾಕಬೇಕು. ಇಪ್ಪತ್ತೆಂಟು ಅಂಗುಲಕ್ಕೆ ಸರಿಯಾಗಿ ಇಳಿದರೆ ಅದೇ ಬೇಕಾದ ತೋಳು. ನಲವತ್ತು ಪೌಂಡೆಂದರೆ ಹದಿನೆಂಟು ಕಿಲೋ. ಹದಿನೆಂಟು ಕಿಲೋ ಎಲ್ಲಿಂದ ತರುವುದು? ಕಾರ್ಖಾನೆಯ ತಕ್ಕಡಿ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಮಂಗಳವಾರ ರೇಷನ್ ಬಂತು. ಅವನ ಮನೆಯದು ಹತ್ತು ಕಿಲೋ ಗೋಧಿ, ಸುಂದ್ರವ್ವನದು ಎಂಟು ಕಿಲೋ ಜೋಳ. ಎರಡಕ್ಕೂ ರಶೀದಿ ಇತ್ತು, ರಶೀದಿಯ ಮೇಲೆ ದುಂಡನೆಯ ನೀಲಿ ಸಿಕ್ಕೆ ಇತ್ತು. ತಿರುಮಲೇಶನಿಗೆ ಇನ್ನೇನು ಬೇಕು?

"ಪರೀಕ್ಷೆ ಮುಗಿಯುವವರೆಗೆ ಯಾರೂ ಚೀಲ ಬಿಚ್ಚಬಾರದು" ಎಂದು ಸಾರಿದ.

"ಅಂದ್ರ ನಾವು ಉಣ್ಣೂದೇನ್ರೀ?" ಎಂದ ಸಾಯಬಣ್ಣ.

"ನಾಲ್ಕು ದಿನ ಅಂಗಡಿಯ ಪಾವ್ ಬ್ರೆಡ್ಡು ತಿನ್ನಿ. ಸಾಹೇಬರ ಭುಜದ ಪ್ರಶ್ನೆ."

ಸಾಯಬಣ್ಣನಿಗೆ ರೊಟ್ಟಿಯಿಲ್ಲದೆ ಒಂದು ಹೊತ್ತು ಕಳೆಯದು. ಆದರೂ ಒಪ್ಪಿದ, ಯಾಕೆಂದರೆ ಹೆದೆಯೇರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ತಿರುಮಲೇಶ ಅರ್ಧಗಂಟೆ ಬೆವರು ಸುರಿಸಿದರೂ ಬಾಗದ ಬಿಲ್ಲನ್ನು ಸಾಯಬಣ್ಣ ಮೊಣಕಾಲು ಕೊಟ್ಟು ಬಾಗಿಸಿ ದಾರ ಸಿಕ್ಕಿಸಿಬಿಟ್ಟ, ಮತ್ತು ಆಮೇಲೆ ಮೂರನೇ ಮಾಳಿಗೆಯಲ್ಲಿ ಬೇರೆಯೇ ನಡಿಗೆಯಲ್ಲಿ ಓಡಾಡಿದ.

ಬುಧವಾರ ಸಂಜೆ ಪರೀಕ್ಷೆ. ಗ್ಯಾಲರಿಯ ಉದ್ದಕ್ಕೂ ಜನ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಗುಲದ ಗೆರೆಗಳು. ತಿರುಮಲೇಶ ಮೊದಲು ಗಿಡ್ಡ ಹಿಡಿಯನ್ನು ತೆಗೆದುಕೊಂಡ. ಕಪ್ಪು ಮರದ, ನುಣ್ಣಗಿನ, ನೋಡಿದ ಕೂಡಲೇ ಮನಸ್ಸು ಹೋಗುವಂಥ ಹಿಡಿ ಅದು. ಅದಕ್ಕೆ ನಲವತ್ತರ ತೋಳು ಜೋಡಿಸಿ ಬೆರಳಿನಿಂದ ಹೆದೆ ಮೀಟಿದ. ತಂಬೂರಿಯಂಥ ಒಂದು ದನಿ ಎದ್ದು ಗ್ಯಾಲರಿಯ ಕೊನೆಯವರೆಗೆ ಹೋಯಿತು. ತಿರುಮಲೇಶ ಕಣ್ಣು ಮುಚ್ಚಿ ನಿಂತ. ಜಿಂಕೆ ಬಂತು, ಈ ಸಲ ಒಂದು ಹೊಳೆಯೂ ಬಂತು.

"ಅಣ್ಣಾರ" ಎಂದಳು ಸುಂದ್ರವ್ವ, ಸ್ವಲ್ಪ ಹೊತ್ತಾದ ಮೇಲೆ. "ಚೀಲ ಹಿಡದು ನಮ್ಮವರ ಕೈ ಸೋತಾವ."

ಎರಡೂ ಚೀಲ ಒಟ್ಟಿಗೆ ತೂಗುಬಿಟ್ಟರು. ಹೆದೆ ಇಪ್ಪತ್ತೈದರಲ್ಲೇ ನಿಂತಿತು. ಹಿಡಿ ಗಿಡ್ಡವಾದಷ್ಟೂ ಬಿಲ್ಲು ಗಿಡ್ಡ, ಬಿಲ್ಲು ಗಿಡ್ಡವಾದಷ್ಟೂ ಬಿಗಿ. ಕಪ್ಪು ಹಿಡಿಯ ಅಂದಕ್ಕೆ ಸಾಹೇಬರ ಭುಜ ಬಲಿಯಾಗುತ್ತಿತ್ತು. ಅದನ್ನು ಬೇಸರದಿಂದ ಬದಿಗಿಟ್ಟು ಉದ್ದನೆಯ, ಬಣ್ಣಗೆಟ್ಟ, ಸಾದಾ ಹಿಡಿಗೆ ಅದೇ ತೋಳು ಜೋಡಿಸಿದ. ಇಪ್ಪತ್ತಾರೂವರೆ.

"ಕಡಿಮೆ ಬಂತು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ನಲವತ್ತನಾಲ್ಕು ಇನ್ನೂ ಕಡಿಮೆ ಬಂತು. ಮೂವತ್ತಾರರ ತೋಳಿಗೆ ಹಾಕಿದಾಗ ಮಾತ್ರ ಹೆದೆ ನಿಧಾನವಾಗಿ ಇಳಿದು ಇಪ್ಪತ್ತೆಂಟರ ಗೆರೆಯ ಮೇಲೆ ನಿಂತಿತು. ತಿರುಮಲೇಶನಿಗೆ ಎಲ್ಲ ಸ್ಪಷ್ಟವಾಯಿತು. ರಶೀದಿಯಲ್ಲಿ ಹದಿನೆಂಟು ಕಿಲೋ ಎಂದಿದೆ, ಸಿಕ್ಕೆ ಇದೆ. ತೋಳಿನ ಮೇಲೆ ಬರೀ ಮಸಿ. ಹಾಗಾದರೆ ಸುಳ್ಳು ಹೇಳುತ್ತಿರುವುದು ಇಂಗ್ಲೆಂಡಿನ ಬಡಗಿ. ಮೂವತ್ತಾರೆಂದು ಬರೆದಿರುವುದೇ ನಿಜವಾದ ನಲವತ್ತು. ತಲೆ ಅಲ್ಲಾಡಿಸಿ, ಅದನ್ನೂ ಬರೆದುಕೊಂಡು, ಚೀಲವನ್ನು ಹಾಗೇ ಬಿಗಿಯಾಗಿ ಕಟ್ಟಿಟ್ಟ.

ಗುರುವಾರ ಸುಂದ್ರವ್ವ ಸೀಮೆಎಣ್ಣೆಗೆ ರೇಷನ್ ಅಂಗಡಿಗೆ ಹೋದಳು. ಸರದಿಯಲ್ಲಿ ಹೊತ್ತು ಹೋಗಬೇಕಲ್ಲ, ಹಿಂದೆ ನಿಂತವಳಿಗೆ ಹೇಳಿದಳು. "ನಮ್ಮ ಬಾಜೂಕ ಮೈಸೂರ್‌ದವರು ಅದಾರ. ದೊಡ್ಡ ಸಾಹೇಬ ಅವರಿಗೆ ವಿಲಾಯತಿ ಮಶೀನ್ ಕೊಟ್ಟಾನ. ರೇಷನ್ ಚೀಲ ತೂಗ ಹಾಕಿದ್ರು. ನಾಕ್ ಸಲ ತೂಗ ಹಾಕಿದ್ರು. ಕಡಿಮಿ ಬಂತು, ಕಡಿಮಿ ಬಂತು ಅಂತ ತಲಿ ಅಳ್ಳಾಡಿಸಿ ಎಲ್ಲಾ ಬರಕೊಂಡಾರ. ಚೀಲಾ ಬಿಚ್ಚಬ್ಯಾಡ್ರಿ ಅಂತ ಕಟ್ಟಿಟ್ಟಾರ. ನಾಕ್ ದಿನ ಆತು, ನಾವು ಪಾವ್ ತಿನ್ನಾಕತ್ತೀವಿ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಪಾವ್ ತಿಂದದ್ದು ಎರಡೇ ದಿನ ಎಂಬುದನ್ನು ಬಿಟ್ಟರೆ. ಗಲ್ಲಾದ ಮೇಲೆ ಕೂತಿದ್ದ ಅಂಗಡಿಯ ಮಾಲಕ ಶೇಟ್, ಗಿರಾಕಿಗಳಿಂದಲೇ ಕನ್ನಡ ಕಲಿತವನು, ಇಷ್ಟನ್ನೂ ಕೇಳಿಸಿಕೊಂಡ. ಅವನ ತಕ್ಕಡಿಗೆ ಹತ್ತು ಕಿಲೋಗೆ ಒಂದು ಕಿಲೋ ನುಂಗುವ ಅಭ್ಯಾಸ ಬಹುಕಾಲದಿಂದ ಇತ್ತು. ಯಾರೋ ವಿಲಾಯತಿ ಯಂತ್ರ ತಂದು, ಚೀಲಕ್ಕೆ ಮೊಹರು ಹಾಕಿ, ಬರೆದುಕೊಂಡಿದ್ದಾರೆ ಎಂದ ಮೇಲೆ ಅವನಿಗೆ ಸೀಮೆಎಣ್ಣೆಯ ಅಳತೆಯೇ ತಪ್ಪಿತು. ಸುಂದ್ರವ್ವನಿಗೆ ಆ ದಿನ ಡಬ್ಬಿ ತುಂಬಿ ಚೆಲ್ಲುವಷ್ಟು ಸಿಕ್ಕಿತು.

ಶುಕ್ರವಾರ ಸಂಜೆ ಶೇಟ್ ತಾನೇ ಮೂರು ಮಾಳಿಗೆ ಹತ್ತಿ ಬಂದ. ಕೈಯಲ್ಲಿ ಎರಡು ಪೊಟ್ಟಣ.

"ಸಾಬ್, ಆಪ್ ಕಾ ಥೋಡಾ ಗೇಹೂಂ ರಹ ಗಯಾ ಥಾ" ಎಂದ, ತೊಲೆಯಿಂದ ಇಳಿಬಿದ್ದ ಬಿಲ್ಲನ್ನು ಓರೆಗಣ್ಣಿನಲ್ಲಿ ನೋಡುತ್ತ. ಒಂದು ಕಿಲೋ ಗೋಧಿ ಇವರಿಗೆ, ಎಂಟುನೂರು ಗ್ರಾಂ ಜೋಳ ಸುಂದ್ರವ್ವನಿಗೆ. "ಗಲ್ತೀ ಸೇ."

ತಿರುಮಲೇಶ ಆಗ ಹೆದೆಗೆ ಮೇಣ ತಿಕ್ಕುತ್ತಿದ್ದ. ಎಂಥ ಒಳ್ಳೆಯ ಮನುಷ್ಯ, ಮರೆತದ್ದನ್ನು ಮನೆಗೇ ತಂದುಕೊಡುತ್ತಾನೆ ಎಂದುಕೊಂಡ. ಶೇಟ್ "ಯೇ ಬರಾಬರ್ ಬತಾತಾ ಹೈ?" ಎಂದು ಬಿಲ್ಲಿನ ಕಡೆ ಬೆರಳು ಮಾಡಿ, ಅದು ಸರಿಯಾಗಿ ತೂಗುತ್ತದೆಯೇ ಎಂದು ಕೇಳಿದಾಗ ಕುತ್ತಿಗೆ ತನ್ನ ಪಾಡಿಗೆ ಆಡಿತು. ಶೇಟ್ ಇಳಿಯುವಾಗ ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಪೊಟ್ಟಣಗಳನ್ನು ಬೇರೆ ಇಡಲು ಜಾಗವಿಲ್ಲದೆ ಪಂಕಜಾ ಎರಡೂ ಚೀಲಗಳ ಬಾಯಿ ಸಡಿಲಿಸಿ ಅವರವರ ಕಾಳನ್ನು ಅವರವರ ಚೀಲಕ್ಕೇ ಸುರಿದು ಮತ್ತೆ ಕಟ್ಟಿದಳು.

ಶನಿವಾರ ಕೊನೆಯ ಸಲ ನೋಡಿಬಿಡೋಣವೆಂದು ತಿರುಮಲೇಶ ತಾನು ಆರಿಸಿದ ಮೂವತ್ತಾರರ ತೋಳಿಗೆ ಚೀಲ ತೂಗುಹಾಕಿದ. ಹೆದೆ ಇಪ್ಪತ್ತೆಂಟನ್ನು ದಾಟಿ, ಇಪ್ಪತ್ತೊಂಬತ್ತೂವರೆಗೆ ಹೋಗಿ ನಿಂತಿತು. ಗೆರೆಗಳನ್ನು ಮತ್ತೆ ಎಣಿಸಿದ. ನಲವತ್ತರದಕ್ಕೆ ಹಾಕಿದ. ಸರಿಯಾಗಿ ಇಪ್ಪತ್ತೆಂಟು. ಕಣ್ಣುಜ್ಜಿಕೊಂಡು ಮತ್ತೆ ಹಾಕಿದ. ಇಪ್ಪತ್ತೆಂಟೇ.

"ಪಂಕಜಾ, ಮರ ಮೆತ್ತಗಾಗ್ತಾ ಇದೆ ಕಣೇ" ಎಂದು ನೆಲಕ್ಕೆ ಕೂತ. "ಮೂರು ದಿನಕ್ಕೆ ಇಷ್ಟು ಮೆತ್ತಗಾದರೆ ನಾಳೆ ಎಷ್ಟಾಗತ್ತೋ. ನಾನು ಯಾವುದನ್ನ ಅಂತ ಕೊಡಲಿ? ನನಗೆ ಏನೂ ಗೊತ್ತಿಲ್ಲ. ಬಿಲ್ಲು ಹಿಡಿಯೋಕೂ ಬರಲ್ಲ. ಸಾಹೇಬರು ಕೇಳಿದಾಗ ಸುಮ್ಮನೆ ತಲೆಯಾಡಿಸಿಬಿಟ್ಟೆ. ನಾಳೆ ಅವರ ಭುಜ ಕಳಚಿದರೆ?"

ಪಂಕಜಾ ಹತ್ತಿರ ಬಂದಳು. ಚೀಲ ನೋಡಿದಳು, ಗೋಡೆಯ ಗೆರೆ ನೋಡಿದಳು, ಅವನ ನೋಟ್‌ಬುಕ್ಕಿನ ಪುಟ ತಿರುವಿದಳು. ಒಂದು ಕಿಲೋ ಮತ್ತು ಎಂಟುನೂರು ಗ್ರಾಂ. ಹನ್ನೊಂದು ವರ್ಷದಿಂದ ತಿಂಗಳ ಕೊನೆಗೆ ಹಿಟ್ಟು ಸಾಲದೆ ಬಂದಾಗ, ತಾನೇ ಸರಿಯಾಗಿ ಸಂಭಾಳಿಸಲಿಲ್ಲವೆಂದು ಕೊರಗಿದ್ದೆಲ್ಲ ಅವಳಿಗೆ ನೆನಪಾಯಿತು.

"ಮರ ಮೆತ್ತಗಾಗಿಲ್ಲ ರೀ" ಎಂದಳು. "ಶೇಟ್ ಮೆತ್ತಗಾಗಿದಾನೆ."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬುಧವಾರ ಚೀಲದಲ್ಲಿದ್ದದ್ದು ಹದಿನೆಂಟಲ್ಲ. ಹದಿನಾರು ಚಿಲ್ಲರೆ. ತೋಳುಗಳು ಮೊದಲಿನಿಂದಲೂ ನಿಜವನ್ನೇ ಹೇಳಿದ್ದವು, ಸಿಕ್ಕೆ ಬಿದ್ದ ಕಾಗದ ಸುಳ್ಳು ಹೇಳಿತ್ತು. ತಿರುಮಲೇಶ ರಶೀದಿಯನ್ನು ಕೈಯಲ್ಲಿ ಹಿಡಿದುಕೊಂಡು, ನಂಬಿದ ನೆಂಟ ಕೈಕೊಟ್ಟವನ ಹಾಗೆ ಬಹಳ ಹೊತ್ತು ಕೂತಿದ್ದ. ಪಕ್ಕದ ಖೋಲಿಯಲ್ಲಿ ಸಾಯಬಣ್ಣನಿಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಭಾನುವಾರ ಬಿಲ್ಲು ಬಿಚ್ಚಿ, ಹೊದಿಕೆಯಲ್ಲಿ ಸುತ್ತಿ, ಗಂಡ ಹೆಂಡತಿ ಲೋಕಲ್ ಹಿಡಿದರು. ದಾದರಿನಲ್ಲಿ ಸೇತುವೆ ದಾಟಿ ಇನ್ನೊಂದು ಲೈನಿನ ಗಾಡಿ ಹತ್ತಿದರು. ಗೋರೆಗಾಂವ್‌ನಲ್ಲಿ ಎಮ್ಮೆಗಳ ತಬೇಲಾ ದಾಟಿದ ಮೇಲೆ ಒಂದು ಹುಲ್ಲುಗಾವಲು. ಮಳೆ ತೊಳೆದು ಹೋದ ಬೆಳಕು, ದೂರದಲ್ಲಿ ಹುಲ್ಲಿನ ಕಂತೆಗೆ ಅಂಟಿಸಿದ ಬಣ್ಣದ ಗುರಿ, ಕುರ್ಚಿಗಳಲ್ಲಿ ಸಾಹೇಬರ ಸ್ನೇಹಿತರು. ತಿರುಮಲೇಶ ಉದ್ದನೆಯ ಸಾದಾ ಹಿಡಿಗೆ ನಲವತ್ತರ ತೋಳು ಜೋಡಿಸಿ ಕೊಟ್ಟ. ಸಾಹೇಬರು ಕಾರ್ಖಾನೆಯಿಂದ ಸ್ಪ್ರಿಂಗ್ ತಕ್ಕಡಿ ತಂದಿದ್ದರು. ಹೆದೆಗೆ ಸಿಕ್ಕಿಸಿ ಎಳೆದು ನೋಡಿದರು. ಮುಳ್ಳು ಸರಿಯಾಗಿ ನಲವತ್ತಕ್ಕೆ ನಿಂತಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಬಿಲ್ಲನ್ನು ಎರಡೂ ಕೈಯಲ್ಲಿ ತಿರುಮಲೇಶನ ಮುಂದೆ ಹಿಡಿದರು. "ಪಹಲಾ ತೀರ್ ತುಮ್. ಮೈಸೂರ್ ಕಾ ಉಸ್ತಾದ್."

ಅವನ ಕುತ್ತಿಗೆ ಆಡಲು ಹೊರಟಿತು. ತಿರುಮಲೇಶ ಅದನ್ನು ತಡೆದ. ನೋಡಿದವರಿಗೆ ಏನೋ ನರ ಹಿಡಿದಿರಬೇಕು ಅನ್ನಿಸಿತು. ಕೆಳಗೆ ಹೋಗಬೇಕಾದ ಗದ್ದ ನಡುವಿನಲ್ಲೇ ನಿಂತು, ನಡುಗಿ, ಕೊನೆಗೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು.

"ನಹೀ ಸಾಹೇಬ್" ಎಂದ. "ಮುಝೆ ನಹೀ ಆತಾ. ಕಭೀ ನಹೀ ಆತಾ ಥಾ."

"ತೋ ಯೇ ಚುನಾ ಕೈಸೇ?"

"ಗೇಹೂಂ ಸೇ, ಸಾಹೇಬ್."

ಗೋಧಿಯ ಕಥೆಯನ್ನು ಮುರುಕು ಹಿಂದಿಯಲ್ಲಿ ಮೊದಲಿನಿಂದ ಹೇಳಿದ. ಚೀಲ, ರಶೀದಿ, ಇಂಗ್ಲೆಂಡಿನ ಬಡಗಿಗೆ ಬೈದದ್ದು, ಸಾಯಬಣ್ಣನ ಪಾವ್, ಶೇಟನ ಪೊಟ್ಟಣ. ಸಾಹೇಬರು ನಗಲಿಕ್ಕೆ ಶುರು ಮಾಡಿ ಭುಜ ಹಿಡಿದುಕೊಂಡರು. "ನನ್ನ ಭುಜ ಬಿಲ್ಲಿನಿಂದ ಹೋಗಲ್ಲ, ನಿನ್ನಿಂದ ಹೋಗತ್ತೆ" ಎಂಬರ್ಥದ್ದೇನೋ ಇಂಗ್ಲಿಷಿನಲ್ಲಿ ಅಂದರು. ಆಮೇಲೆ ಹನ್ನೆರಡು ಬಾಣ ಬಿಟ್ಟು, ಭುಜವನ್ನು ಗಿರಗಿರನೆ ತಿರುಗಿಸಿ, "ದುಖತಾ ನಹೀ" ಎಂದರು. ನೋವಿಲ್ಲವೆಂಬ ಆ ಮಾತು ಕಿವಿಗೆ ಬಿದ್ದ ಮೇಲೇ ತಿರುಮಲೇಶನ ಆರು ದಿನದ ಚಿಂತೆ ಇಳಿದದ್ದು.

ಹೋಗುವ ಮೊದಲು ಸಾಹೇಬರು ಅವನ ಕೈಗೆ ಬಿಲ್ಲು ಕೊಟ್ಟು, ಕಾಲು ಎಲ್ಲಿಡಬೇಕು, ಬೆರಳು ಎಲ್ಲಿಡಬೇಕು ಎಂದು ತೋರಿಸಿದರು. ತಿರುಮಲೇಶ ಎಳೆದ. ಹದಿನೆಂಟು ಕಿಲೋ ಗೋಧಿ ಜೋಳ ಅವನ ಮೂರು ಬೆರಳಿಗೆ ಬಂದು ಕೂತಿತು. ಹುಲ್ಲು ಅಲೆಯಲೆಯಾಗಿ ಹೊಳೆಯುತ್ತಿತ್ತು. ಜಿಂಕೆ ಬಂತು, ಅವನನ್ನು ನೋಡಿತು, ಹೊಡೆಯುವವನಲ್ಲವೆಂದು ಗೊತ್ತಾಗಿ ಮೇಯತೊಡಗಿತು. ಬೆರಳು ತಾನಾಗಿ ಜಾರಿತು. ಬಾಣ ಗುರಿಯ ಮೇಲೆ ಬಹಳ ಎತ್ತರದಲ್ಲಿ, ಯಾವ ಅವಸರವೂ ಇಲ್ಲದೆ, ತಬೇಲಾದ ಕಡೆಗೆ ಹೋಯಿತು. ಎಲ್ಲಿ ಬಿತ್ತೋ ಯಾರಿಗೂ ಸಿಗಲಿಲ್ಲ. ಅಷ್ಟು ಚೆಂದವಾದದ್ದನ್ನು ತಾನು ಎಂದೂ ನೋಡಿರಲಿಲ್ಲವೆಂದು ತಿರುಮಲೇಶನಿಗೆ ಅನ್ನಿಸಿತು, ಗಾಡಿ ದಾದರಿಗೆ ಬರುವವರೆಗೂ ಅದೇ ಅನ್ನಿಸುತ್ತಿತ್ತು.

ಭಾಂಡುಪ್ ಸ್ಟೇಶನ್ನಿನ ಹೊರಗೆ ತರಕಾರಿ ಗಾಡಿಯ ಮುಂದೆ ಪಂಕಜಾ ನಿಂತಳು. ಚೀಲದ ಬಾಯಿ ಅಗಲಿಸಿ ಅವನ ಕಡೆ ಹಿಡಿದಳು.

"ಬದನೆಕಾಯಿ ನೀವೇ ಆರಿಸಿ" ಎಂದಳು.

ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಆರಿಸಿದ. ಎರಡರಲ್ಲಿ ಹುಳವಿತ್ತು. ಅವಳು ಹುಳದ ಭಾಗ ಕೊಯ್ದು ಎಸೆದು, ಉಳಿದದ್ದನ್ನು ಹುಳಿಗೆ ಹಾಕಿದಳು, ಚಪ್ಪಲಿ ಮೆಟ್ಟಲಿಲ್ಲ.

ಹದಿನೈದು ದಿನ ಕಳೆದು ಮತ್ತೆ ರೇಷನ್ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು, ಹಿಂದೆ ಸುಂದ್ರವ್ವ, ಅವಳ ಹಿಂದೆ ಚಾಳಿಗೆ ಚಾಳೇ. ಬಿಲ್ಲು ಆಗಲೇ ಸಾಹೇಬರ ಬಂಗಲೆಯ ಗೋಡೆಯ ಮೇಲಿತ್ತು. ಶೇಟ್ ತಕ್ಕಡಿ ಎತ್ತುವ ಮೊದಲು ಪಂಕಜಾಳ ಕಡೆ ಬಗ್ಗಿ, ದನಿ ತಗ್ಗಿಸಿ ಕೇಳಿದ. "ಬಾಯಿ, ಸಾಬ್ ಕಾ ವೋ ಮಶೀನ್ ದಿಖತಾ ನಹೀ. ವಾಪಸ್ ದೇ ದಿಯಾ ಕ್ಯಾ?"

"ಘರ್ ಮೇಂ ಹೈ" ಎಂದಳು ಪಂಕಜಾ, ಚೀಲದ ಬಾಯಿ ಬಿಡಿಸುತ್ತ. "ಖೋಲ್ ಕೇ ರಖಾ ಹೈ. ಜೋಡ್ನೇ ಕೋ ಪಾಂಚ್ ಮಿನಿಟ್ ಬಸ್."

ನಿಜವಾಗಿಯೂ ಮನೆಯಲ್ಲೇ ಬಿಚ್ಚಿಟ್ಟಿದ್ದಾರೆಯೇ ಎಂದು ಶೇಟ್ ತಿರುಮಲೇಶನ ಮುಖ ನೋಡಿದ. ಸುಂದ್ರವ್ವ ನೋಡಿದಳು, ಸರದಿಯಲ್ಲಿದ್ದವರೆಲ್ಲ ನೋಡಿದರು. ತಿರುಮಲೇಶನ ಕುತ್ತಿಗೆ ಈ ಸಲ ತಾನಾಗಿ ಅಲುಗಲಿಲ್ಲ, ಅಪ್ಪಣೆಗೆ ಕಾದು ನಿಂತಿತ್ತು. ಅವನು ಯೋಚಿಸಿದ. ಪೂರ್ತಿಯಾಗಿ, ನಿಧಾನವಾಗಿ ಯೋಚಿಸಿ ಮುಗಿಸಿದ. ಆಮೇಲೆ ಹೌದೆಂದು ಆಡಿಸಿದ.

ಶೇಟ್ ತಕ್ಕಡಿಗೆ ಇನ್ನೊಂದು ಬೊಗಸೆ ಗೋಧಿ ಹಾಕಿದ.